ಬೀಗವಿಲ್ಲದ ಬೀಗದ ಕೈಗಳು

ನನ್ನ ಜುಬ್ಬಾದ ಜೇಬಿನಲ್ಲಿ ಆರು ಬೀಗದ ಕೈಗಳ ಗೊಂಚಲೊಂದು ಇತ್ತೀಚಿನವರೆಗೂ ಸದಾ ಇರುತ್ತಿತ್ತು. ಐದಕ್ಕೆ ಬೀಗಗಳೇ ಇಲ್ಲ. ಆರನೆಯದು ಮಾತ್ರೆಗಳನ್ನಿಡುವ ಗೋಡೆಬೀರುವಿನದು. ಇಷ್ಟು ಕಬ್ಬಿಣ ಹೊತ್ತು ಬೆಟ್ಟದಪುರದ ಬೀದಿಯಲ್ಲಿ ಸದ್ದು ಮಾಡುತ್ತ ನಡೆಯುವ ಈ ನಿವೃತ್ತ ಕನ್ನಡ ಮೇಷ್ಟ್ರಿಗೆ ಎಷ್ಟು ಮನೆಗಳಿರಬಹುದೆಂದು ಹೊಸಬರು ಊಹಿಸುವುದುಂಟು. ಇರುವುದೊಂದೇ ಮನೆ, ಅದರಲ್ಲಿ ಯಾವಾಗಲೂ ಯಾರಾದರೊಬ್ಬರು ಇದ್ದೇ ಇರಬೇಕಾದ್ದರಿಂದ ಬಾಗಿಲಿಗೆ ಬೀಗ ಹಾಕಿದ್ದೇ ಕಡಿಮೆ.

ನನ್ನ ಮಗ ಮಾದೇಶ ಒಂಬತ್ತನೇ ತರಗತಿಯಲ್ಲಿದ್ದಾಗ ಪಿರಿಯಾಪಟ್ಟಣದ ಬಸ್ ನಿಲ್ದಾಣದಲ್ಲಿ ಮೊದಲ ಸಲ ಫಿಟ್ಸ್ ಬಂದು ಬಿದ್ದ. ನೆರೆದವರೆಲ್ಲ ಕೈಗೆ ಕಬ್ಬಿಣ ಕೊಡಿ ಎಂದರು. ನನ್ನ ಜೇಬಿನಲ್ಲಿದ್ದದ್ದು ಸೀಮೆಸುಣ್ಣದ ತುಂಡು. ಅಂದಿನಿಂದ ಕಂಡ ಕಂಡ ಹಳೆಯ ಬೀಗದ ಕೈಗಳನ್ನು ಕೂಡಿಹಾಕತೊಡಗಿದೆ. ಕಬ್ಬಿಣದಿಂದ ಏನೂ ಆಗದು, ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕದೆ, ಗಡಿಯಾರ ನೋಡುತ್ತಿರಿ ಎಂದು ಮೈಸೂರಿನ ಡಾಕ್ಟರು ತಿಳಿಹೇಳಿದ ಮೇಲೆ ಹಾಗೆಯೇ ಮಾಡುತ್ತೇನೆ. ನೀವು ನಗಬಹುದು, ಆದರೆ ಆ ಎರಡು ನಿಮಿಷ ಗೊಂಚಲು ನನ್ನದೇ ಮುಷ್ಟಿಯಲ್ಲಿರುತ್ತದೆ. ಹಿಡಿಯಲು ನನಗೂ ಏನಾದರೂ ಬೇಕಲ್ಲ.

ಮಾದೇಶನಿಗೀಗ ಇಪ್ಪತ್ತೆಂಟು, ನಮ್ಮ ಹೊಗೆಸೊಪ್ಪಿನ ಬೇಸಾಯವೆಲ್ಲ ಅವನದೇ. ಅವನ ಕಾಯಿಲೆಗೆ ಒಗ್ಗಿಕೊಂಡ ನನಗೆ ಅವನ ಸುಳ್ಳಿಗೆ ಒಗ್ಗಿಕೊಳ್ಳಲಾಗಿರಲಿಲ್ಲ. ಹುಣಸೂರಿನಿಂದ ತಡವಾಗಿ ಬಂದವನು ವೀರನಹೊಸಹಳ್ಳಿಯ ಬಳಿ ಆನೆ ಅಡ್ಡ ನಿಂತಿತ್ತೆಂದ. ಪಾಪ, ಅದರ ಎಡದಂತ ಮುರಿದಿತ್ತೆಂದೂ ಸೇರಿಸಿದ. ಆ ಊರು ಅವನು ಬರುವ ದಾರಿಯಲ್ಲೇ ಇಲ್ಲವೆಂಬುದು ನನಗೆ ಹೊಳೆದದ್ದು ಊಟವಾದ ಮೇಲೆ. ಅಲ್ಲಿಯವರೆಗೂ ಆನೆಗಾಗಿ ಮರುಗುತ್ತಿದ್ದೆ.

ದಿನವೂ ನಾನೇ ಬೀಗ ತೆಗೆದು ಎಣಿಸಿ ಕೊಡುವ ಮಾತ್ರೆಯನ್ನು ನುಂಗಿದೆನೆಂಬ ಸುಳ್ಳು ಮಾತ್ರ ನಗುವಂಥದ್ದಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ತುಂಬುವಾಗ ಎಲೆ ಕಟ್ಟಿದ ಕಡ್ಡಿಗಳನ್ನು ಕೈಯಿಂದ ಕೈಗೆ ಮೇಲಕ್ಕೆ ದಾಟಿಸುತ್ತಾರೆ. ಎಲ್ಲರಿಗಿಂತ ಮೇಲೆ, ಸೂರಿನಡಿಯ ಗಳಗಳ ಮೇಲೆ ಕಾಲಿಟ್ಟು ನಿಲ್ಲುವವನು ಮಾದೇಶ. ಅಲ್ಲಿ ಫಿಟ್ಸ್ ಬಂದರೆ ಮಗ ನನಗೆ ಉಳಿಯುವುದಿಲ್ಲ. ಆದ್ದರಿಂದ ಒಮ್ಮೆ ಬಂದರೆ ಆ ಹಂಗಾಮಿಡೀ ಹತ್ತುವಂತಿಲ್ಲ ಎಂದು ಕಟ್ಟಳೆ ಮಾಡಿದ್ದೆ. ನಿಜ ಹೇಳಿದವನಿಗೇ ಶಿಕ್ಷೆಯಾಗುವ ಕಾನೂನು ಅದೆಂದು ಈ ಪಂಡಿತನಿಗೆ ತೋಚಿರಲಿಲ್ಲ.

ಕಳೆದ ಸಲ ಬ್ಯಾರನ್ ತುಂಬುವ ದಿನ ಬೆಳಿಗ್ಗೆ ಅವನು ಚಟ್ನಿ ಮುಟ್ಟದೆ ಮೊಸರಿನಲ್ಲಿ ರೊಟ್ಟಿ ತಿನ್ನುತ್ತಿದ್ದ. ಫಿಟ್ಸ್ ಬಂದಾಗ ಆಗುವಂತೆ ನಾಲಿಗೆಯಂಚು ಕಚ್ಚಿ ಗಾಯವಾಗಿತ್ತು. ಕೇಳಿದರೆ ರೊಟ್ಟಿ ಬಿಸಿಯಿತ್ತೆಂದ. ಅಷ್ಟರಲ್ಲಿ ಕೈಸಹಾಯಕ್ಕೆ ಬಂದ ಪಕ್ಕದ ಹೊಲದ ನಿಂಗೇಗೌಡರು ಹುಡುಗ ಯಾಕೆ ಬಾಡಿದ್ದಾನೆಂದು ವಿಚಾರಿಸಿದರು. ಅಭ್ಯಾಸಬಲದಿಂದ ನಾನು, ಪಿತ್ತ ಏರಿದೆ ಎಂದೆ.

“ಅಪ್ಪ, ನೀನೇಳುದ್ರೆ ಪಿತ್ತ, ನಾನೇಳುದ್ರೆ ಸುಳ್ಳಾ?” ಎಂದ ಮಾದೇಶ, ತಟ್ಟೆಯಿಂದ ಕಣ್ಣೆತ್ತದೆ.

ಶಾಲೆಯವರಿಗೆ ಪಿತ್ತ, ನೆಂಟರಿಗೆ ಸುಸ್ತು, ಹೆಣ್ಣು ನೋಡಲು ಹೋದಲ್ಲಿ ಬಿಸಿಲಿನ ಝಳ: ಹದಿನಾಲ್ಕು ವರ್ಷ ಅವನೆದುರೇ ಈ ಪಾಠ ಹೇಳಿಕೊಟ್ಟ ಮೇಷ್ಟ್ರು ನಾನೇ. ಬಹಳ ನಾಚಿಕೆಯಾಯಿತು. ಗೌಡರ ಕಡೆ ತಿರುಗಿ, ಪಿತ್ತವಲ್ಲ, ಅವನಿಗೆ ಫಿಟ್ಸ್ ಕಾಯಿಲೆಯಿದೆ ಎಂದೆ.

“ಊರ್ಗೇ ಗೊತ್ತು ಬುಡಿ ಮೇಷ್ಟ್ರೆ. ನೀವಾಗೇ ಏಳ್ಲಿ ಅಂತ ಸುಮ್ಕಿದ್ದೊ,” ಎಂದು ಗೌಡರು ಎಲೆಯಡಿಕೆಯ ಚೀಲ ಬಿಚ್ಚಿದರು.

ಮಾದೇಶ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಟ್ಟೆಗೆ ಹಾಕಿದ. “ಬೆಳಗಿನ್ ಜಾವ ಬಂದಿತ್ತು ಕಣಪ್ಪ. ಮಾತ್ರೆ ತಕಂಡ್ರೆ ತೂಕಡಿಕೆ ಬತ್ತದೆ ಅಂತ ಮೂರ್ ದಿನದಿಂದ ಬುಟ್ಟಿದ್ದೆ. ಇವತ್ತು ಕೆಳಗೇ ನಿಂತ್ಕಂಡು ಕಡ್ಡಿ ಕೊಡ್ತೀನಿ.”

ಬೈಗುಳ ಗಂಟಲಿನವರೆಗೆ ಬಂದಿತ್ತು. ಜೇಬಿನ ಗೊಂಚಲನ್ನು ಬಿಗಿಯಾಗಿ ಹಿಡಿದು ನುಂಗಿಕೊಂಡೆ. ಅವನು ಹುಟ್ಟಿದ ದಿನವೂ ಅವನ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿರಲಿಲ್ಲ. ತೂಕಡಿಕೆಯ ಸಂಗತಿ ಕೇಳಿದ ಡಾಕ್ಟರು ಮಾತ್ರೆ ಬದಲಿಸಿಕೊಟ್ಟು, ಮೊದಲೇ ಹೇಳಬಾರದಿತ್ತೇ ಎಂದು ಗದರಿದ್ದು ನನ್ನನ್ನು.

ಆರನೆಯ ಬೀಗದ ಕೈಯನ್ನು ಗೊಂಚಲಿನಿಂದ ಬಿಡಿಸಿ ಅವನಿಗೆ ಕೊಟ್ಟಿದ್ದೇನೆ. ಅವನು ಬೀರುವಿಗೆ ಬೀಗ ಹಾಕುವುದೇ ಇಲ್ಲ. ಅಂದಿನಿಂದ ಒಂದು ದಿನವೂ ನಾನು ಮಾತ್ರೆ ಎಣಿಸಿಲ್ಲ ಎಂದು ಬರೆದು ಈ ಪ್ರಬಂಧವನ್ನು ಮುಗಿಸಿದ್ದೆ. ಹೆಗಲ ಹಿಂದಿನಿಂದ ಬಗ್ಗಿ ಓದಿದ ಮಾದೇಶ, “ನಿನ್ನೆ ನೀನ್ ಎಣಿಸ್ತಿದ್ದೆ ಕಣಪ್ಪ, ನಾನ್ ನೋಡ್ದೆ,” ಎಂದ.

ಹೌದು, ಎಣಿಸಿದೆ. ಸರಿಯಾಗಿದ್ದವು.