ಹೆಣ ಮಾತಾಡಿದ ಪುಟ

ಇಂಥವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಯಾರಾದರೂ ದೆವ್ವದ ಸುದ್ದಿ ತೆಗೆದರೆ ಚಾ ಮಾಡುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಪುಸ್ತಕದಲ್ಲಿ ಮಾತ್ರ ಎಷ್ಟು ಘೋರವಿದ್ದರೂ ನನಗೆ ಬೇಕು. ಹೆಣ, ಹಿಂಸೆ, ಬಾಯಿಬಿಟ್ಟು ಹೇಳಲಾಗದ ಕಾಮ, ಎಲ್ಲವನ್ನೂ ಓದಿ ಅರಗಿಸಿಕೊಂಡಿದ್ದೇನೆ. ಅಚ್ಚಾದ ಅಕ್ಷರ ಯಾರಿಗೂ ಏನೂ ಮಾಡದು ಎಂಬ ಧೈರ್ಯ ನನ್ನದು.

ಕುಮಟೆಯಲ್ಲಿ ನಾನು ಹೈಸ್ಕೂಲು ಟೀಚರು. ಶಾಲೆಯಲ್ಲಿ ನೀತಿಕಥೆ, ಮನೆಯಲ್ಲಿ ಇಂಥ ಕಾದಂಬರಿ. ದೊಡ್ಡವರು ಕೇಳಿದರೆ ಅವರ ಎದೆಗಾರಿಕೆ ನೋಡಿ ಒಂದೊಂದು ಕೊಡುತ್ತೇನೆ. ಮಕ್ಕಳಿರುವ ಮನೆಯಾದರೆ ಕಪಾಟಿನ ಮೇಲಿಡಿ ಎಂದು ಹೇಳಿಯೇ ಕೊಡುವುದು. ಭಟ್ಕಳದ ಔಷಧಿ ಅಂಗಡಿಯ ಗೆಳೆಯರೊಬ್ಬರು ಒಂದನ್ನು ಓದಿ, "ಊಟವೇ ಸೇರ್ಲಿಲ್ಲ ಮಾರಾಯ್ರೆ. ಇನ್ನೊಂದು ಇದ್ರೆ ಕೊಡಿ," ಎಂದಿದ್ದರು.

ಹೀಗೆ ಒಯ್ದು ಓದುವವರಲ್ಲಿ, ಹೊನ್ನಾವರದ ಆಚೆ ಕಾಸರಕೋಡಿನಲ್ಲಿರುವ ನಾಗವೇಣಿ ಮಾತ್ರ ಯಾವುದಕ್ಕೂ ಅಲುಗಿದವಳಲ್ಲ. ಒಣಮೀನಿನ ವ್ಯಾಪಾರ ಅವಳದು. ಗಂಡ ಕೆಲವು ವರ್ಷಗಳ ಹಿಂದೆ ಬೋಟಿಗೆ ಹೋದವನು ಮರಳಿರಲಿಲ್ಲ. ಬೋಟು ಮುಗುಚಿದಾಗ ಜೊತೆಯವರು ಈಜಿ ದಡ ಸೇರಿದರು, ಅವನ ಹೆಣ ಕೂಡ ಸಿಗಲಿಲ್ಲ. ಅಂಥವರಿಗೆ ದರ್ಭೆಯ ಆಕೃತಿ ಮಾಡಿ, ಅದನ್ನು ಸುಟ್ಟು ಕ್ರಿಯೆ ಮುಗಿಸುವ ಕ್ರಮವಿದೆ. ಮೈದುನ ಎಷ್ಟು ಹೇಳಿದರೂ ಇವಳು ಒಪ್ಪಲಿಲ್ಲ. ಗಂಡನಿಗೂ ಬಟ್ಟಲಿಟ್ಟು ಬಡಿಸುತ್ತಿದ್ದಳು, ತಾನು ಮಾತ್ರ ಸರಿಯಾಗಿ ಉಣ್ಣುತ್ತಿರಲಿಲ್ಲ. ದಿನದಿನಕ್ಕೆ ಇಳಿದುಹೋಗುತ್ತಿದ್ದ ಅವಳನ್ನು ನೋಡಿ ಇವಳೂ ಉಳಿಯಲಿಕ್ಕಿಲ್ಲ ಎಂದು ನನಗೆ ಭಯವಾಗಿತ್ತು.

"ಅಕ್ಕೋರೆ, ಇದಕ್ಕಿಂತ ಕೆಟ್ಟದ್ದು ಇದ್ರೆ ಕೊಡಿ. ಸಣ್ಣ ದುಃಖದ ಕತೆ ಓದಿದ್ರೆ ನಂಗೆ ಸಿಟ್ಟು ಬತ್ತದೆ," ಎನ್ನುತ್ತಿದ್ದಳು.

ಕೊಟ್ಟೆ. ನನ್ನಲ್ಲಿದ್ದವುಗಳಲ್ಲೇ ಭೀಕರವಾದದ್ದು. ಸತ್ತ ಹೆಂಡತಿಯನ್ನು ಸುಡದೆ, ಉಪ್ಪು ಹಾಕಿ ಮಂಚದಲ್ಲಿಟ್ಟುಕೊಂಡು ಸಂಸಾರ ಮಾಡುವ ಗಂಡಸಿನ ಕತೆ. ಅವನು ಏನೇನು ಮಾಡುತ್ತಾನೆಂದು ಇಲ್ಲಿ ಬರೆಯಲಾರೆ. ವಾಪಸು ಬರುವಾಗ ಬಸ್ಸು ಹಳದೀಪುರ ದಾಟುವಷ್ಟರಲ್ಲಿ, ಇವಳಿಗೆ ಇದನ್ನು ಕೊಡಬಾರದಿತ್ತು ಎನಿಸತೊಡಗಿತು.

ಮುಂದಿನ ಭಾನುವಾರ ಬೆಳಿಗ್ಗೆ ಓಡಿದೆ. ಅಂಗಳದಲ್ಲಿ ಮೀನು ಹರವುತ್ತಿದ್ದಳು. ಮುಖ ತಿಳಿಯಾಗಿತ್ತು.

"ಓದಿ ಆತು," ಎಂದಳು. "ಆ ಗಂಡ್ಸಿಗೆ ಉಪ್ಪು ಹಾಕೂಕೇ ಬರೂದಿಲ್ಲ. ಆದ್ರೆ ಹೆಣ ಮಾತಾಡ್ತದಲ್ಲ, ಅದು ಚಂದ."

ಆ ಕಾದಂಬರಿಯಲ್ಲಿ ಹೆಣ ಮಾತಾಡುವುದಿಲ್ಲ. ಕೊನೆಯವರೆಗೂ ಇಲ್ಲ.

"ಎಲ್ಲಿ, ತೋರಿಸು," ಎಂದೆ.

ಕೈ ತೊಳೆದು ಬಂದು, ಪುಟ ತೆಗೆದು, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. ನಾನು ಹಿಂದೆ ನಿಂತು ನೋಡುತ್ತಿದ್ದೆ. ಅಚ್ಚಾಗಿದ್ದುದು ಆ ಗಂಡಸು ಹೆಣಕ್ಕೆ ಸೀರೆ ಉಡಿಸುವ ಹೊಲಸು ಪ್ರಸಂಗ. ಅವಳು ಓದಿದ್ದು ಬೇರೆ.

"ನೀ ಅಂದದ್ದು ನನ್ನ ಕಿವಿಗೆ ಬೀಳ್ಲೇ ಇಲ್ಲ. ಅದ್ರಿಂದ ಎಂತದೂ ಆಗಿಲ್ಲ. ನೀ ಉಣ್ಣು."

ಇನ್ನೊಮ್ಮೆ ಓದಿಸಿದೆ. ಅದೇ ಮಾತು, ಒಂದಕ್ಷರ ಆಚೀಚೆ ಇಲ್ಲ. ಸಾಲು ಮುಗಿದಲ್ಲಿ ಬೆರಳು ಕೆಳಗಿನ ಸಾಲಿಗೆ ಇಳಿಯುತ್ತಿತ್ತು. ಯಾರು ಏನು ಅಂದದ್ದು ಎಂದು ಕೇಳಿದಾಗ ಅವಳು ಅತ್ತಳು.

ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಬೇಕಾದರೆ "ದೂರವಾ" ಎನ್ನಬೇಕು. ಬೋಟಿಗೆ ಹೋಗುವವರನ್ನಂತೂ ಏನೂ ಕೇಳುವಂತಿಲ್ಲ. ಆ ದಿನ ಕೆಲಸದ ಗಡಿಬಿಡಿಯಲ್ಲಿ, ಮೆಟ್ಟಿಲಿಳಿದ ಗಂಡನಿಗೆ ಇವಳು "ಎಲ್ಲಿಗೆ ಹೊಂಟ್ರಿ?" ಎಂದುಬಿಟ್ಟಿದ್ದಳಂತೆ. ಅವನು ತಿರುಗಿ ನೋಡಲಿಲ್ಲವಂತೆ. ತನ್ನ ಬಾಯಿಯಿಂದಲೇ ಅವನು ಹೋದ ಎಂದು ಯಾರಿಗೂ ಹೇಳದೆ ಇಷ್ಟು ವರ್ಷ ಕೊರಗಿದ್ದಳು.

"ಇದು ಬರೆದವ್ರಿಗೆ ಹ್ಯಾಂಗೆ ಗೊತ್ತಾತು ಅಕ್ಕೋರೆ?" ಎಂದು ಕೇಳಿದಳು.

ಪುಟದಲ್ಲಿ ಹಾಗೆ ಬರೆದಿಲ್ಲ ಎಂದು ನಾನು ಹೇಳಲಿಲ್ಲ. ಹೇಳಿದರೆ ಅವಳು ಇನ್ನು ಉಣ್ಣುವುದೇ ಇಲ್ಲ ಎನಿಸಿತು. ಮನೆಗೆ ಬಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಹುಡುಕಿದೆ. ಎಲ್ಲೂ ಇಲ್ಲ. ಅವಳ ಮನಸ್ಸು ತನಗೆ ಬೇಕಾದ್ದನ್ನು ಓದಿಕೊಂಡಿತು ಎಂದು ನೀವು ಹೇಳಬಹುದು. ನಾನೂ ಹಾಗೇ ಹೇಳಿಕೊಂಡೆ. ಆದರೆ ಸಾಲಿನಿಂದ ಸಾಲಿಗೆ ಇಳಿದ ಆ ಬೆರಳು ನೆನಪಾದಾಗಲೆಲ್ಲ ಆ ವಿವರಣೆ ಸಾಲದು ಎನಿಸುತ್ತದೆ.

ಮುಂದೆ ಅವಳೇ ಒಪ್ಪಿ, ಮೈದುನ ಕ್ರಿಯೆ ಮಾಡಿದ ದಿನ ನನ್ನನ್ನೂ ಕರೆದಿದ್ದಳು. ಬೂದಿಯನ್ನು ಸಮುದ್ರಕ್ಕೆ ಬಿಡುವಾಗ ನಾವು ಹೆಂಗಸರು ಸ್ವಲ್ಪ ಹಿಂದೆ ನಿಂತಿದ್ದೆವು. ಹೊರಟವರಿಗೆ ಬರೀ "ಹೋಗಿ" ಎನ್ನುವ ರೂಢಿ ನಮ್ಮಲ್ಲಿಲ್ಲ, "ಹೋಗಿ ಬನ್ನಿ" ಎಂದೇ ಕಳಿಸುವುದು. ನಾಗವೇಣಿ ನೀರಿನತ್ತ ನೋಡಿ "ಹೋಗಿ" ಎಂದಳು. ಅಷ್ಟೇ. ಮಧ್ಯಾಹ್ನ ಎಲ್ಲರ ಜೊತೆ ಕುಳಿತು ಉಂಡಳು, ಎರಡನೇ ಸಲ ಅನ್ನ ಕೇಳಿ ಹಾಕಿಸಿಕೊಂಡಳು. ಆ ಪುಟದಲ್ಲಿ ಅವಳಿಗೆ ಕಂಡದ್ದೇನು, ನನಗೆ ಇವತ್ತಿಗೂ ಗೊತ್ತಿಲ್ಲ. ಆ ಪುಸ್ತಕವನ್ನು ಮತ್ತೊಬ್ಬರಿಗೆ ಕೊಡಲು ಕೈ ಬರುತ್ತಿಲ್ಲ.