ಕಾಲರ್ ಆಗಿಹೋದ ಕಾಗದ

ನಮ್ಮ ಟೈಲರಕ್ಕ ಒಂದು ಚೂರು ಕಾಗದವನ್ನೂ ಎಸೆದವಳಲ್ಲ. ಕರೆಂಟು ಬಿಲ್ಲಾಗಲಿ, ಕ್ಯಾಲೆಂಡರಿನ ಹಾಳೆಯಾಗಲಿ, ಗಟ್ಟಿಯಾಗಿದೆ ಅನಿಸಿದರೆ ಸಾಕು, ಕತ್ತರಿ ಹಾಕಿ ಕಾಲರಿಗೋ ತೋಳಿಗೋ ನಮೂನೆ ಮಾಡಿ ಮೊಳೆಗೆ ತೂಗುಹಾಕುತ್ತಿದ್ದಳು. ಇಪ್ಪತ್ತೆರಡು ವರ್ಷದ ಆ ಅಭ್ಯಾಸ ಕೊನೆಗೆ ಅವಳ ಕುತ್ತಿಗೆಗೇ ಬಂತು.

ಅವಳ ತಮ್ಮ ವ್ಯಾನ್ ಡ್ರೈವರ್. ಕೋಪ ಮೂಗಿನ ತುದಿಯಲ್ಲೇ. ಗಾಡಿ ನಿಲ್ಲಿಸುವ ಜಾಗಕ್ಕೆ ಜಗಳವಾಡಿ ಒಬ್ಬನನ್ನು ನೂಕಿದ, ಆತನ ಕೈ ಮುರಿಯಿತು. ತಪ್ಪು ಒಪ್ಪಿಕೊಂಡರೆ ಆರೇ ತಿಂಗಳ ಶಿಕ್ಷೆ ಕೇಳುತ್ತೇವೆಂದು ಸರ್ಕಾರಿ ವಕೀಲರು ಬರೆದುಕೊಟ್ಟರು. ತಮ್ಮ ಹಿಂದೆಮುಂದೆ ನೋಡಿದ.

"ಸೈನ್ ಹಾಕೋ ಸುಮ್ನೆ. ಆರು ತಿಂಗಳು ಕಣ್ಮುಚ್ಚಿ ಬಿಡೋದ್ರೊಳಗೆ ಕಳೆಯತ್ತೆ," ಎಂದು ಪೆನ್ನು ಕೈಗಿತ್ತವಳು ಅಕ್ಕನೇ.

ತೀರ್ಪಿನ ದಿನ ಬೇರೊಬ್ಬ ಸರ್ಕಾರಿ ವಕೀಲ ಬಂದು ಎರಡು ವರ್ಷ ಕೇಳಿದ. ನ್ಯಾಯಾಧೀಶರು ಕೊಟ್ಟೇಬಿಟ್ಟರು! "ಒಪ್ಕೊಂಡ್ಮೇಲೆ ಮುಗೀತಮ್ಮ," ಎಂದು ತಮ್ಮನ ವಕೀಲ ಕೈತೊಳೆದುಕೊಂಡ. ಆ ಪುಣ್ಯಾತ್ಮನ ಮಾತು ನಂಬಿ ಇಪ್ಪತ್ತೊಂಬತ್ತು ದಿನ ಕಳೆದವು.

ಮೂವತ್ತನೆಯ ದಿನ ಗಿರಾಕಿಯೊಬ್ಬಳು ಟೈಲರಕ್ಕನನ್ನು ತನ್ನ ಪರಿಚಯದ ವಕೀಲೆಯ ಬಳಿ ಎಳೆದೊಯ್ದಳು. ವಕೀಲೆ ಗಡಿಯಾರ ನೋಡಿಕೊಂಡೇ ಮಾತಾಡಿದಳು. "ತಪ್ಪು ಒಪ್ಕೊಂಡಿದ್ದನ್ನ ಈಗ ಅಲ್ಲಾಡ್ಸೋಕಾಗಲ್ಲ. ಕೊಟ್ಟ ಮಾತಿಗೆ ತಪ್ಪಿ ಜಾಸ್ತಿ ಶಿಕ್ಷೆ ಕೇಳಿದ್ರು ಅಂತ ಮಾತ್ರ ಮೇಲ್ಮನವಿ ಹಾಕ್ಬಹುದು. ಆ ಪತ್ರ ಫೈಲಿನಲ್ಲಿಲ್ಲ, ನಿಮ್ಮ ಹತ್ರ ಇದೆ ತಾನೆ? ಇವತ್ತೇ ಕೊನೇ ದಿನ. ಐದಕ್ಕೆ ಕಿಟಕಿ ಮುಚ್ತಾರೆ."

ಆಗಲೇ ಎರಡೂವರೆ. ಟೈಲರಕ್ಕ ಓಡಿ ಬಂದು ಟ್ರಂಕು ಜಾಲಾಡಿದಳು. ಇಲ್ಲ. ಕಣ್ಣು ಮೊಳೆಯತ್ತ ಹೊರಳಿತು. ಮಗುವಿನ ಅಂಗಿಯ ಕಾಲರ್ ನಮೂನೆಯ ಮೇಲೆ ಅರ್ಧ ಸರ್ಕಾರಿ ಮೊಹರು! ತೀರ್ಪಿನ ಮರುದಿನ, ಇನ್ನು ಇದ್ದರೆಷ್ಟು ಬಿಟ್ಟರೆಷ್ಟು ಎಂಬ ಸಿಟ್ಟಿನಲ್ಲಿ ತಾನೇ ಕತ್ತರಿ ಆಡಿಸಿದ್ದಳು.

ಕಾಲರ್ ಸಿಕ್ಕಿತು. ತೋಳಿನ ಕಫ್ ನಮೂನೆ ಎರಡೂ ಸಿಕ್ಕವು. ಚಿಂದಿಯ ಚೀಲ ಸುರಿದಾಗ ಸಹಿಯಿದ್ದ ಅಂಚೂ ಸಿಕ್ಕಿತು. 'ಆರು ತಿಂಗಳು' ಎಂದಿದ್ದ ತುಂಡು ಮಾತ್ರ ಇಲ್ಲ. ಮೂರೂವರೆ ದಾಟಿತು. ಹೊಲಿಗೆ ಯಂತ್ರ ಹಿಡಿದು ಕುಸಿದು ಕೂತಳು. ಯಂತ್ರ ಅಲ್ಲಾಡಲಿಲ್ಲ. ಅರೆ, ಇದು ಕುಂಟುವ ಯಂತ್ರವಲ್ಲವೇ! ಬಗ್ಗಿ ನೋಡಿದರೆ, ಯಂತ್ರದ ಕಾಲಡಿಯಲ್ಲಿ ತುಂಡು ನಾಲ್ಕು ಮಡಿಕೆಯಾಗಿ ಕೂತಿತ್ತು. ಅಲ್ಲಿ ತುರುಕಿದವಳೂ ಅವಳೇ.

ಅಂಟು ಒಣಗುವಷ್ಟು ಪುರುಸೊತ್ತಿರಲಿಲ್ಲ. ಬಿಳಿ ಬಟ್ಟೆಯ ಮೇಲೆ ಚೂರುಗಳನ್ನು ಜೋಡಿಸಿ, ಉಸಿರು ಬಿಗಿಹಿಡಿದು ಕೈಹೊಲಿಗೆ ಹಾಕಿದಳು.

ನ್ಯಾಯಾಲಯದ ಕಿಟಕಿ ತಲುಪಿದಾಗ ಐದಕ್ಕೆ ಏಳು ನಿಮಿಷ ಬಾಕಿ. ಗುಮಾಸ್ತ ಅದನ್ನು ಎರಡು ಬೆರಳಲ್ಲಿ ಎತ್ತಿದ. "ಏನಮ್ಮಾ ಇದು, ಕಾಗದಾನೋ ಅಂಗೀನೋ? ಇಂಥದ್ದೆಲ್ಲ ತಗೊಳ್ಳಲ್ಲ."

"ಓದಿ ಸಾರ್. ಒಂದಕ್ಷರಕ್ಕೂ ಸೂಜಿ ತಾಗಿಲ್ಲ."

"ತಗೊಳ್ಳಿ ನೀವು. ನಡೆಯತ್ತೋ ಇಲ್ವೋ ಅಂತ ಕೋರ್ಟ್ ಹೇಳ್ಲಿ," ಎಂದು, ಮೇಲ್ಮನವಿ ಬರೆದು ತಂದು ಅಲ್ಲೇ ಕಾದಿದ್ದ ವಕೀಲೆ ದನಿ ಏರಿಸಿದಳು.

ಗುಮಾಸ್ತ ಕನ್ನಡಕ ಏರಿಸಿ ಸಾಲುಸಾಲಾಗಿ ಓದಿದ. ಗಡಿಯಾರದ ಮುಳ್ಳು ಇನ್ನೆರಡು ಗೆರೆ ಸರಿಯಿತು. ಆಮೇಲೆ ಮೊಹರು ಬಿತ್ತು.

ಮೇಲ್ಮನವಿ ಗೆದ್ದಿತು. ಆರೇ ತಿಂಗಳು ಎಂದಿತು ಮೇಲಿನ ನ್ಯಾಯಾಲಯ. ಆದರೆ ಆ ಮಾತು ಬರುವಷ್ಟರಲ್ಲಿ ತಮ್ಮ ಹನ್ನೊಂದು ತಿಂಗಳು ಒಳಗಿದ್ದಾಗಿತ್ತು.

ಮನೆಗೆ ಬಂದವನಿಗೆ ಅವಳು ಹಳೆಯ ಅಳತೆಗೇ ಹೊಲಿದಿಟ್ಟ ಅಂಗಿ ತೊಡಿಸಿದಳು. ಅದು ಅವನ ಮೈಮೇಲೆ ಜೋತಾಡಿತು.

"ಆರು ತಿಂಗಳು ಅಂದಿದ್ಯಲ್ಲಕ್ಕಾ," ಎಂದು ಅವನು ನಕ್ಕ.

ಅಂಗಿಯ ಪಕ್ಕ ಬಿಗಿ ಮಾಡಲು ಪಿನ್ನು ಹಿಡಿದ ಅವಳಿಗೆ ಅಳು ಉಕ್ಕಿ ಬಂತು. ಅವನು ಅವಳ ಕೈ ಹಿಡಿದು ಪಿನ್ನು ತೆಗೆದಿಟ್ಟ.

"ಅಂಗಿ ಒಳಗೆ ಹಿಡೀಬೇಡ, ಬಿಡು. ಮತ್ತೆ ಮೈ ತುಂಬ್ಕೋತೀನಿ."