ಮೋಟಾರಿಗಿಟ್ಟ ಬೊಟ್ಟು

ಪಿನ್ನಿನ ತುದಿಯಲ್ಲಿ ಅರ್ಧ ಸಾಸಿವೆಯಷ್ಟು ಹಳದಿ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದರೂ ಬರಲಿಲ್ಲ. ಅಂಟು ಗಟ್ಟಿಯಾಗಿಯೇ ಇತ್ತು, ಕಲಸಿದವಳು ನಾನೇ.

ಆಯುಧಪೂಜೆಯ ಹಿಂದಿನ ದಿನ, ಇಂದಿರಾನಗರದ ನನ್ನ ಬಾಡಿಗೆ ಕೋಣೆಯಲ್ಲಿ ಮೇಜಿನ ಖಾನೆ ಒರೆಸುವಾಗ ಈ ಪಿನ್ನು ಸಿಕ್ಕಿತು. ನಾನು ವಸ್ತುಗಳನ್ನು ವಿಂಗಡಿಸಿ ಇಡುವವಳು. ಗುಂಡಿಗಳಿಗೊಂದು ಡಬ್ಬಿ, ರಬ್ಬರ್ ಬ್ಯಾಂಡುಗಳಿಗೊಂದು ಡಬ್ಬಿ. ಈ ಪಿನ್ನು ಮಾತ್ರ ಮೂರು ವರ್ಷದಿಂದ ಯಾವ ಡಬ್ಬಿಗೂ ಸೇರದೆ ಒಂದು ಲಕೋಟೆಯಲ್ಲಿ ಒಂಟಿಯಾಗಿ ಮಲಗಿತ್ತು. ತನ್ನ ವಿರುದ್ಧದ ಸಾಕ್ಷಿಯನ್ನು ಅಪರಾಧಿಯೇ ಇಷ್ಟು ಜೋಪಾನ ಮಾಡಿದ್ದನ್ನು ನೀವು ಬೇರೆಲ್ಲೂ ಕಂಡಿರಲಾರಿರಿ.

ಹಲಸೂರಿನ ಮುನಿರಾಜು ಮಾವ ನನ್ನ ತಾಯಿಯ ಅಣ್ಣ. ಎಂ.ಎಸ್ಸಿ. ಓದುವಾಗ ನಾನು ಅವರ ಮನೆಯಲ್ಲಿದ್ದೆ. ಕೆರೆಯ ಕಳೆ ತೆಗೆಯುವುದಕ್ಕೆ ಅವರದೊಂದು ದೋಣಿ. ದೋಣಿ ಕೆರೆಯಲ್ಲೇ ಇರುತ್ತಿತ್ತು. ಅದರ ಹಿಂಬದಿಗೆ ಸಿಕ್ಕಿಸುವ ಮೋಟಾರು ಮಾತ್ರ ದಿನಾ ಸಂಜೆ ಮಾವನ ಹೆಗಲೇರಿ ಮನೆಗೆ ಬರುತ್ತಿತ್ತು. ನನಗಿಂತ ಹಿರಿಯ ಮೋಟಾರು. ಅದು ಬಂದ ಸದ್ದಾದರೆ ಅತ್ತೆ ಒಳಗಿಂದಲೇ, "ಬಂದ್ಲಾ ನನ್ ಸವತಿ?" ಎನ್ನುತ್ತಿದ್ದರು.

ಇಂಥ ಮೋಟಾರು ಕೆರೆಯ ನೀರನ್ನೇ ಕುಡಿದು ಮೈ ತಣ್ಣಗಿಟ್ಟುಕೊಳ್ಳುತ್ತದೆ. ಕೆಳಗಿರುವ ಒಂದು ರಬ್ಬರ್ ಚಕ್ರ ನೀರನ್ನು ಮೇಲಕ್ಕೆ ತಳ್ಳುತ್ತದೆ. ಎಂಜಿನ್ನಿನ ಒಳಗೆಲ್ಲ ಸುತ್ತಿದ ನೀರು ಕೆಳಗಿಂದ ಹೊರಟುಹೋಗುತ್ತದೆ. ಅದರಲ್ಲಿ ಸ್ವಲ್ಪ ಮಾತ್ರ ಪಕ್ಕದ ಸಣ್ಣ ತೂತಿನಿಂದ ಎಳೆಯಾಗಿ ಚಿಮ್ಮುತ್ತದೆ. ಎಳೆ ಕಂಡರೆ ಎಲ್ಲ ಕ್ಷೇಮ. ಕಾಣದಿದ್ದರೆ ಕೂಡಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಎಂಜಿನ್ ಸುಟ್ಟುಹೋಗುತ್ತದೆ ಎಂಬುದು ಮಾವನ ಭಯ. ಆ ಎಳೆಗೆ ಅವರಿಟ್ಟ ಹೆಸರು ಇವತ್ತಿಗೂ ನನ್ನ ಬಾಯಿಗೆ ಬರುವುದಿಲ್ಲ. ಭಾನುವಾರಗಳಲ್ಲಿ ಮೋಟಾರನ್ನು ಅಂಗಳದ ನೀಲಿ ಡ್ರಮ್ಮಿಗೆ ಇಳಿಸಿ, ಹಗ್ಗ ಎಳೆದು, ಇಡೀ ಬೀದಿಗೆ ಕೇಳುವಂತೆ ನಡೆಯುತ್ತಿದ್ದ ಮಾತು ಇದು:

"ಹೊಯ್ತಾ ಮುನಿರಾಜಣ್ಣ?"

"ಹೊಯ್ತು ಗುರು! ಎಳೇ ಮಗು ಹೊಯ್ದಂಗೆ ಹೊಯ್ತು!"

ಅಷ್ಟರಲ್ಲಿ ನಾನು ಮುಖ ತಿರುಗಿಸಿ, ಪುಸ್ತಕದೊಂದಿಗೆ ಒಳಗೆ ಹೋಗಿರುತ್ತಿದ್ದೆ.

ಪ್ರಶ್ನೆ ಕೇಳುತ್ತಿದ್ದವರು ಅನ್ವರ್ ಭಾಯ್. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಪಂಪ್ ರಿಪೇರಿ ಅಂಗಡಿ, ಮಾವನೊಂದಿಗೆ ಇಪ್ಪತ್ತು ವರ್ಷದ ಸ್ನೇಹ. ಇಬ್ಬರೂ ಬೈದಾಡುವುದು ತಮಿಳಿನಲ್ಲಿ, ಬೋಲ್ಟು ಎಣಿಸುವುದು ಉರ್ದುವಿನಲ್ಲಿ, ಕಾಫಿ ಕೇಳುವುದು ಕನ್ನಡದಲ್ಲಿ. ಮೂರನೆಯದು ಅತ್ತೆಯ ಮೇಲಿನ ಗೌರವದಿಂದ. ಅಂಗಳದಲ್ಲಿ ಅನ್ವರ್ ಭಾಯ್‌ಗೆಂದು ಒಂದು ಮರದ ಮಣೆಯಿತ್ತು.

ಆ ವರ್ಷ ಹಬ್ಬಕ್ಕೆ ವಾರವಿದೆ ಎನ್ನುವಾಗ ಅವರು ಮೋಟಾರಿಗೆ ಹೊಸ ರಬ್ಬರ್ ಚಕ್ರ ಹಾಕಿಕೊಟ್ಟರು. ಪೂಜೆಯ ದಿನ ಬೊಟ್ಟಿಡುವ ಕೆಲಸ ನನ್ನ ಪಾಲಿಗೆ ಬಂತು. "ಹೋದ್ ವರ್ಷ ಇಟ್ಟಿದ್ದು ಸಂಜೆಗೇ ಉದುರೋಯ್ತು ಕಣಮ್ಮ, ಎಣ್ಣೆ ಜಿಡ್ಡಿಗೆ ನಿಲ್ಲಲ್ಲ" ಎಂದರು ಅತ್ತೆ. ನಾನು ರಸಾಯನಶಾಸ್ತ್ರದವಳು. ಯಾರಿಗೂ ಹೇಳದೆ ಅರಿಶಿನದ ಬಟ್ಟಲಿಗೆ ಒಂದು ಚಮಚ ಮೈದಾ ಹಾಕಿ, ಗೋಡೆಗೆ ಪೋಸ್ಟರ್ ಅಂಟಿಸುವ ಹದಕ್ಕೆ ಕಲಸಿದೆ. ಮೋಟಾರಿನ ಪಕ್ಕದಲ್ಲಿ ದುಂಡನೆಯ ಒಂದು ತೂತು ಕಂಡಿತು. ಬೊಟ್ಟಿಗೆಂದೇ ಕೊರೆದಂತಿತ್ತು. ಅದಕ್ಕೆ ಸರಿಯಾಗಿ ಒತ್ತಿ, ಮೇಲೆ ಕುಂಕುಮವಿಟ್ಟೆ. ಎರಡು ವರ್ಷ ಮುಖ ತಿರುಗಿಸಿ ಒಳಗೆ ಹೋದವಳಿಗೆ ಆ ಎಳೆ ಬರುವುದು ಎಲ್ಲಿಂದ ಎಂದು ಹೇಗೆ ಗೊತ್ತಿರಬೇಕು?

ಹಬ್ಬದ ರಜೆ ಕಳೆದು ಭಾನುವಾರ ಹಗ್ಗ ಎಳೆದರೆ ಮೋಟಾರು ಗುಡುಗಿತು, ನೀರು ಬರಲಿಲ್ಲ. ಹತ್ತು ಸೆಕೆಂಡಿಗೆ ಮಾವ ಆಫ್ ಮಾಡಿದರು. ಅನ್ವರ್ ಭಾಯ್ ಕೆಳಭಾಗವನ್ನೆಲ್ಲ ಬಿಚ್ಚಿ, ತೊಳೆದು, ಸೇರಿಸಿದರು. ಮತ್ತೆ ಎಳೆದರು. ಇಲ್ಲ. ಬೊಟ್ಟು ಅವರ ಕಣ್ಣಿಗೆ ಬೀಳದೆ ಇರಲಿಲ್ಲ.

"ಪೂಜೆದು, ನಾನ್ ಮುಟ್ಟಲ್ಲ" ಎಂದರು. "ಅರಿಶಿನ ತಾನೇ, ನೀರು ಬಂದ್ರೆ ಅದೇ ತಳ್ಕೊಂಡ್ ಹೋಗುತ್ತೆ."

"ಹೌದೌದು, ಹಬ್ಬದ ಬೊಟ್ಟು ಒರೆಸ್ಬಾರ್ದು, ತಾನಾಗೇ ಹೋಗ್ಬೇಕು" ಎಂದರು ಮಾವ.

ಆ ಬೆಳಿಗ್ಗೆ ಇಬ್ಬರೂ ಒಪ್ಪಿದ್ದು ಇದೊಂದನ್ನೇ.

"ಚಕ್ರ ಉಲ್ಟಾ ಹಾಕಿದೀಯ ನೀನು."

"ನಾನಾ? ಕಣ್ಮುಚ್ಕೊಂಡು ಹಾಕ್ತೀನಿ ಅಣ್ಣ!"

"ಅದಕ್ಕೇ ಹಿಂಗಾಗಿರೋದು. ಕಣ್ಬಿಟ್ಕೊಂಡು ಹಾಕು."

ಇಪ್ಪತ್ತು ವರ್ಷದಲ್ಲಿ ಇದಕ್ಕಿಂತ ಕೆಟ್ಟ ಮಾತುಗಳು ಬಂದು ಹೋಗಿದ್ದವು, ಆದರೆ ಕೈಯ ಕೆಲಸದ ಬಗ್ಗೆ ಅಲ್ಲ. ಅನ್ವರ್ ಭಾಯ್ ಬೋಲ್ಟು ಬಿಚ್ಚುವ ಪಾನಾಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡರು. ಕಾಫಿ ಅರ್ಧ ಉಳಿದಿತ್ತು.

ಮಾರನೆಯ ದಿನ ಮಾವ ಚಕ್ರವನ್ನು ತಾವೇ ಬಿಚ್ಚಿ ಹಾಕಿ, ಹಗ್ಗ ಎಳೆದರು. ಅಷ್ಟರಲ್ಲಿ ಫೋನ್ ಬಂದು ಒಳಗೆ ಓಡಿದರು; ಮೋಟಾರು ಓಡುತ್ತಲೇ ಇತ್ತು. ನಾನು ಗಡಿಯಾರ ನೋಡಿದೆ. ಎರಡು ನಿಮಿಷ. ನೀರಿಲ್ಲದ ಎಂಜಿನ್ ಅಷ್ಟು ಹೊತ್ತಿಗೆ ಕಾದ ಹೆಂಚಾಗಿರಬೇಕಿತ್ತು. ಅಂಗೈ ಇಟ್ಟರೆ ಮಗುವಿಗೆ ಸ್ನಾನ ಮಾಡಿಸುವ ನೀರಿನಷ್ಟು ಬೆಚ್ಚಗೆ. ಅಂದರೆ ಒಳಗೆ ನೀರು ಸರಿಯಾಗಿಯೇ ಹರಿಯುತ್ತಿತ್ತು. ಹೊರಗೆ ತೋರಿಸುವ ದಾರಿಯೊಂದು ಮಾತ್ರ ಮುಚ್ಚಿತ್ತು. (ನನ್ನ ಬಗ್ಗೆ ಗೆಳತಿಯರು ಇದೇ ದೂರು ಹೇಳುವುದುಂಟು.) ಆಗ ನಾನು ನನ್ನ ಬೊಟ್ಟನ್ನು ನೋಡಿದೆ. ಮೈದಾ ನೆನಪಾಯಿತು.

ಮಧ್ಯಾಹ್ನ ಮಾವ ಮಲಗಿದ ಮೇಲೆ ದುಪಟ್ಟಾದ ಪಿನ್ನು ತೆಗೆದು ತೂತಿಗೆ ಹಾಕಿ ಮೀಟಿದೆ. ಹಳದಿ ಬಿರಡೆಯೊಂದು ಇಡಿಯಾಗಿ ಕಳಚಿ ಬಂತು. ಆಮೇಲೆ ಮಾಡಿದ್ದನ್ನು ಹೇಳುವುದಕ್ಕೆ ನಾಚಿಕೆಯಾಗುತ್ತದೆ: ಯಾರಿಗೂ ತಿಳಿಯಬಾರದೆಂದು ಒಂದು ಅಂಗುಲ ಪಕ್ಕಕ್ಕೆ ಹೊಸ ಬೊಟ್ಟಿಟ್ಟೆ.

ಸಂಜೆ ನೀರು ಚಿಮ್ಮಿತು. "ನೋಡಿದ್ಯಾ, ನಾನ್ ಹಾಕಿದ ಚಕ್ರ!" ಎಂದು ಮಾವ ಬೀದಿಗೆಲ್ಲ ಸಾರಿದರು. "ಅನ್ವರ್‌ಗೆ ಕೈ ಹೋಯ್ತು ಬಿಡಿ, ವಯಸ್ಸಾಯ್ತು." ಆ ಮಾತು ಶಿವಾಜಿನಗರ ತಲುಪುವುದಕ್ಕೆ ಎರಡು ದಿನವೂ ಬೇಕಾಗಲಿಲ್ಲ. ಅನ್ವರ್ ಭಾಯ್ ಮತ್ತೆ ಬರಲಿಲ್ಲ. ನಾನು ಬಾಯಿ ಬಿಡಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಒಂದು ವಾರ ತಡವಾದ ಮಾತನ್ನು ಹೇಳುವುದು ಕಷ್ಟ. ಒಂದು ವರ್ಷ ತಡವಾದರೆ ಅದನ್ನು ಲಕೋಟೆಯಲ್ಲಿ ಇಡುವುದೇ ಸುಲಭ.

ಪಿನ್ನು ಕೈಯಲ್ಲಿ ಹಿಡಿದು ಕುಳಿತಿದ್ದಾಗಲೇ ಅತ್ತೆಯ ಫೋನ್ ಬಂತು.

"ನಾಳೆ ಪೂಜೆಗೆ ಬಾಮ್ಮ. ಸವತಿಗೆ ಇದೇ ಕೊನೇದು. ಹಗ್ಗ ಎಳೆಯೋ ಸ್ಪ್ರಿಂಗು ಮುರಿದೋಗಿದೆ. ಅನ್ವರ್ ಭಾಯ್‌ನ ಕರೀರಿ ಅಂದ್ರೆ ನಿಮ್ಮಾವ ಕಿವೀಗೇ ಹಾಕ್ಕೊಳಲ್ಲ, ಗುಜರಿಗೆ ಹಾಕ್ತಾರಂತೆ. ಆದ್ರೆ ಆ ಮಣೆ ಮೇಲೆ ಯಾರನ್ನೂ ಕೂರಕ್ ಬಿಡಲ್ಲ, ಅದ್ಯಾವ ಪೌರುಷವೋ!"

ಮರುದಿನ ಬೆಳಿಗ್ಗೆ ಎಂಟಕ್ಕೆ ನಾನು ಶಿವಾಜಿನಗರದಲ್ಲಿದ್ದೆ. ಬಸ್ಸಿನಲ್ಲಿ ಸಿದ್ಧಪಡಿಸಿಕೊಂಡ ಮೂರು ವಾಕ್ಯಗಳಲ್ಲಿ ಎರಡು ಮರೆತುಹೋದವು. ಪಿನ್ನನ್ನು ಕೌಂಟರಿನ ಮೇಲಿಟ್ಟು ಉಳಿದದ್ದನ್ನು ಹೇಳಿದೆ.

"ಮೈದಾನಾ?" ಎಂದರು ಅನ್ವರ್ ಭಾಯ್. "ಪರೋಟ ಮಾಡೋ ಮೈದಾನಾ?" ಪಿನ್ನನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಮೂರು ವರ್ಷದಿಂದ ಆ ಚಕ್ರ ಮನಸಲ್ಲೇ ಬಿಚ್ಚಿ ಬಿಚ್ಚಿ ಹಾಕಿದೀನಿ ಬೇಟಿ. ನಂದೇ ಕೈ ತಪ್ತಾ ಅಂತ." ನಗುತ್ತಾರೋ ಬೈಯುತ್ತಾರೋ ತಿಳಿಯದೆ, ಮೋಟಾರಿನ ಸ್ಪ್ರಿಂಗು ಮುರಿದದ್ದನ್ನೂ ಹೇಳಿ ನಿಂತಿದ್ದೆ. ಅವರು ಎರಡನ್ನೂ ಮಾಡದೆ ಹೊಸ ಸ್ಪ್ರಿಂಗೊಂದನ್ನು ಹುಡುಕಿ ತೆಗೆದು, ಷಟರ್ ಎಳೆದು, ಚೀಲ ಹೆಗಲಿಗೇರಿಸಿದರು.

ಹಲಸೂರಿನ ಅಂಗಳದಲ್ಲಿ ಅದೇ ಒಂದು ವಾಕ್ಯವನ್ನು ಮತ್ತೊಮ್ಮೆ ಹೇಳಿದೆ. ಮಾವ ನನ್ನನ್ನು ನೋಡಿದರು, ಅನ್ವರ್ ಭಾಯ್‌ರನ್ನು ನೋಡಿದರು. ಮಣೆಯನ್ನು ಟವೆಲಿನಿಂದ ಒರೆಸಿ ಮುಂದಕ್ಕೆ ಸರಿಸಿದರು. "ಕಾಫಿ ತಣ್ಣಗಾಗಿ ಮೂರ್ ವರ್ಷ ಆಯ್ತು, ಬೇರೆ ಮಾಡ್ತೀನಿ" ಎಂದು ಅತ್ತೆ ಒಳಗೆ ಹೋದರು.

ಸ್ಪ್ರಿಂಗು ಬದಲಾಯಿಸುವ ಹೊತ್ತಿಗೆ ತಮಿಳು ಶುರುವಾಗಿತ್ತು. ಹಗ್ಗ ಎಳೆದಾಗ ನಾನು ಮುಖ ತಿರುಗಿಸಲಿಲ್ಲ. ಎಳೆ ಬಿಸಿಲಿಗೆ ಹೊಳೆಯುತ್ತ ಚಿಮ್ಮಿ ಡ್ರಮ್ಮಿಗೆ ಬಿತ್ತು. "ಹೊಯ್ತಾ?" ಎಂದು ಕೇಳಿದವಳು ನಾನೇ.

ಮೋಟಾರು ನಿಲ್ಲಿಸಿದ ಮೇಲೆ ಅತ್ತೆ ಅರಿಶಿನದ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ಅನ್ವರ್ ಭಾಯ್ ಬಗ್ಗಿ, ತಮ್ಮ ಹೆಬ್ಬೆರಳಿನಿಂದ ಆ ತೂತನ್ನು ಮುಚ್ಚಿ ಹಿಡಿದರು.

"ಈಗ ಇಡು ಬೇಟಿ" ಎಂದರು.

ಇಟ್ಟೆ, ಒಂದು ಅಂಗುಲ ಪಕ್ಕಕ್ಕೆ.